ವಾಹನಗಾನ ಸಂಧಿಪ್ರಕರಣ

ಪೀಠಿಕೆ

ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಒಂದಕ್ಕೊಂದು ಸೇರುವುದು ಸಂಧಿ. ಕನ್ನಡ ಶಾಲೆಯಲ್ಲಿ ಓದಿದವರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಇಷ್ಟನ್ನು ಒಪ್ಪಿಸುತ್ತಾರೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಸಂಧಿಯ ವಿಚಾರವನ್ನು ಕೂಲಂಕಷವಾಗಿ ವಿಂಗಡಿಸಿದ. ಎಲ್ಲಿ ಸ್ವರ ಬೀಳುತ್ತದೆ, ಎಲ್ಲಿ ಹೊಸ ವ್ಯಂಜನ ಬಂದು ಕೂರುತ್ತದೆ, ಎಲ್ಲಿ ಏನೂ ಆಗದೆ ಎರಡು ಪದಗಳೂ ಇದ್ದಂತೆಯೇ ಇರುತ್ತವೆ ಎಂಬುದೆಲ್ಲ ಅಲ್ಲಿದೆ. ಜೇಬಿನಲ್ಲಿರುವ ಹಾಡಿನ ಪೆಟ್ಟಿಗೆಯನ್ನು ಕಾರಿನ ಸ್ಟೀರಿಯೋಗೆ ಸೇರಿಸುವುದು ಹೇಗೆಂದು ಮಾತ್ರ ಅವನು ಹೇಳಲಿಲ್ಲ. ತಪ್ಪು ಅವನದಲ್ಲ. ಅವನ ಕಾಲದ ರಥಗಳಲ್ಲಿ ಗಂಟೆಯಿತ್ತೇ ಹೊರತು ಡ್ಯಾಶ್‌ಬೋರ್ಡ್ ಇರಲಿಲ್ಲ.

ಈ ಕೊರತೆಯನ್ನು ನೀಗಿಸಲೆಂದು ಇಪ್ಪತ್ತು ವರ್ಷ, ಮೂರು ಕಾರು ಮತ್ತು ಲೆಕ್ಕ ತಪ್ಪಿದಷ್ಟು ವೈರುಗಳನ್ನು ವ್ಯಯಿಸಿ ಪ್ರಸ್ತುತ ಲೇಖಕನು ಈ ಪ್ರಕರಣವನ್ನು ರಚಿಸಿದ್ದಾನೆ. ಸೂತ್ರ, ವೃತ್ತಿ, ಪ್ರಯೋಗ ಎಂಬ ಹಳೆಯ ಕ್ರಮವನ್ನೇ ಅನುಸರಿಸಿದೆ. ಸೂತ್ರ ತಿಳಿಯದವರು ವೃತ್ತಿ ಓದಬಹುದು. ವೃತ್ತಿಯೂ ತಿಳಿಯದವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬಹುದು; ಕಾರಿನ ಸಾಮಾನಿನ ವಿಷಯದಲ್ಲಿ ಅಲ್ಲಿನ ಅಂಗಡಿಗಳೇ ಕೊನೆಯ ಪ್ರಮಾಣ.

ಶಾಸ್ತ್ರ ಎಂದ ಮೇಲೆ ಪೂರ್ವಪಕ್ಷ ಬೇಕು. ಈ ಗ್ರಂಥಕ್ಕೆ ಅದನ್ನು ಒದಗಿಸಿದವರು ಲೇಖಕನ ತಾಯಿ. ಮೂರೂ ಕಾರುಗಳ ಹಿಂದಿನ ಸೀಟಿನಲ್ಲಿ, ಎಡಗಡೆಯ ಕಿಟಕಿಯ ಪಕ್ಕ ಕುಳಿತು, ಅವರು ಉದ್ದಕ್ಕೂ ಮಂಡಿಸಿದ ಆಕ್ಷೇಪ ಒಂದೇ: "ಏನೂ ಕೇಳಿಸ್ತಿಲ್ಲ ಕಣೋ."

1. ಪದಲಕ್ಷಣ

ಸೂತ್ರ: ಜೇಬಿನದು ಪೂರ್ವಪದ, ಡ್ಯಾಶ್‌ಬೋರ್ಡಿನದು ಉತ್ತರಪದ.

ವೃತ್ತಿ: ಪೂರ್ವಪದವು ಚಂಚಲ. ಅದರ ಜನ್ಮದಿನವನ್ನು 1979ರ ಜುಲೈ 1 ಎಂದು ಹಿಡಿಯಬಹುದು. ಸೋನಿ ಕಂಪನಿಯ ವಾಕ್‌ಮನ್ ಜಪಾನಿನ ಅಂಗಡಿಗಳಿಗೆ ಬಂದದ್ದು ಅಂದು. 2001ರ ಅಕ್ಟೋಬರ್ 23ರಂದು ಅದು ಐಪಾಡ್ ಎಂಬ ಅವತಾರ ತಾಳಿ, 5 ಜಿಬಿ ಡಿಸ್ಕಿನಲ್ಲಿ ಸಾವಿರ ಹಾಡು ಹೊತ್ತು ಬಂತು. ಈಗ ಫೋನಿನಲ್ಲಿ ಲೀನವಾಗಿ, ತನಗೆಂದು ಹೆಸರೇ ಇಲ್ಲದೆ ಬದುಕಿದೆ.

ಉತ್ತರಪದವು ಸ್ಥಾವರ. ಜರ್ಮನರು ಅದಕ್ಕೆ 'ಡಿನ್' ಎಂಬ ಅಳತೆ ಕೊಟ್ಟರು: ಅಗಲ 180 ಮಿಲಿಮೀಟರ್, ಎತ್ತರ 50. ಜಗತ್ತಿನ ಬಹುಪಾಲು ಕಾರು ಸ್ಟೀರಿಯೋಗಳು ಬಹುಕಾಲ ಈ ಒಂದು ಗೂಡಿನಲ್ಲಿ ಸಂಸಾರ ಮಾಡಿದವು. ಟಚ್‌ಸ್ಕ್ರೀನ್ ಬಯಸಿದವರಿಗೆ ಎತ್ತರ ಇಮ್ಮಡಿಯಾದ 'ಡಬಲ್ ಡಿನ್' ಒದಗಿತು.

ಪೂರ್ವಪದ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಉತ್ತರಪದ ಕಾರು ಮಾರುವವರೆಗೆ ಬದಲಾಗುವುದಿಲ್ಲ. ಹುಡುಗನಿಗೆ ವಯಸ್ಸು ಏರುತ್ತಲೇ ಇಲ್ಲ, ಹುಡುಗಿಗೆ ಮಾತ್ರ ಪ್ರತಿ ಶ್ರಾವಣಕ್ಕೂ ಒಂದು ವರ್ಷ ಕೂಡುತ್ತದೆ ಎಂಬಂಥ ಈ ಜಾತಕದೋಷವೇ ನಮ್ಮ ಶಾಸ್ತ್ರದ ಮೂಲ.

2. ಆಗಮಸಂಧಿ

ಸೂತ್ರ: ಎರಡು ಪದಗಳು ತಾವೇ ಕೂಡಲಾರದೆ, ನಡುವೆ ಮೂರನೆಯದೊಂದು ಬಂದು ಕೂಡಿಸಿದರೆ ಅದು ಆಗಮ.

ವೃತ್ತಿ: ಮನೆಗೆ 'ಅನ್ನು' ಸೇರುವಾಗ ಯಕಾರ ಬಂದು 'ಮನೆಯನ್ನು' ಆಗುತ್ತದೆ. ಮಗುವಿಗೆ 'ಇಗೆ' ಸೇರುವಾಗ ವಕಾರ ಬರುತ್ತದೆ. ಕಾರಿನಲ್ಲಿಯೂ ಆಗಮ ಎರಡೇ: ಯಂತ್ರ ಬಂದರೆ ಯಕಾರಾಗಮ, ವೈರು ಬಂದರೆ ವಕಾರಾಗಮ. ಇದನ್ನು ಕಾಕತಾಳೀಯ ಎನ್ನುವವರು ಶಾಸ್ತ್ರಕ್ಕೆ ಅನಧಿಕಾರಿಗಳು.

ಯಕಾರಾಗಮದ ಯಂತ್ರವೆಂದರೆ ಕ್ಯಾಸೆಟ್ ಅಡಾಪ್ಟರ್. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟಿನಲ್ಲಿ 4 ಮಿಲಿಮೀಟರಿಗೂ ಕಡಿಮೆ ಅಗಲದ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸಾಗುತ್ತದೆ. ಡೆಕ್ಕಿನ ಹೆಡ್ಡಿಗೆ ಹಾಡೂ ಗೊತ್ತಿಲ್ಲ, ಹಾಡುವವರೂ ಗೊತ್ತಿಲ್ಲ. ಎದುರಿನ ಕಾಂತಕ್ಷೇತ್ರ ಏರಿಳಿದರೆ ಅದಕ್ಕೆ ಸಾಕು. ಅಡಾಪ್ಟರಿನಲ್ಲಿ ಟೇಪೇ ಇಲ್ಲ. ಟೇಪು ಇರಬೇಕಾದ ಜಾಗದಲ್ಲಿ ಸಣ್ಣದೊಂದು ಸುರುಳಿ ಇದೆ. ಪ್ಲೇಯರಿನಿಂದ ವೈರಿನಲ್ಲಿ ಬಂದ ವಿದ್ಯುತ್ತು ಆ ಸುರುಳಿಯಲ್ಲಿ ಕಾಂತಕ್ಷೇತ್ರವನ್ನು ಏರಿಳಿಸುತ್ತದೆ, ಹೆಡ್ಡು ಅದನ್ನೇ ಟೇಪೆಂದು ನಂಬುತ್ತದೆ. ಚಕ್ರಗಳು ತಿರುಗದಿದ್ದರೆ ಟೇಪು ಮುಗಿಯಿತೆಂದು ಡೆಕ್ಕು ನಿಂತುಬಿಡುವುದರಿಂದ, ನಂಬಿಕೆ ಕೆಡದಿರಲೆಂದು ಒಳಗೆ ಪ್ಲಾಸ್ಟಿಕ್ ಗೇರುಗಳೂ ಇವೆ. ಹಾಡಿನ ಹಿಂದೆ ಸದಾ ಕೇಳುವ ಕಿರಕಿರ ಅವುಗಳದು. ಶಂಖಚಕ್ರ ಕಟ್ಟಿಕೊಂಡು ತಾನೇ ವಾಸುದೇವ ಎಂದು ಮೆರೆದ ಪೌಂಡ್ರಕನೂ ಹೀಗೆಯೇ ವೇಷ ಕಟ್ಟಿದ್ದ. ಅವನ ಚಕ್ರ ಕಿರಗುಟ್ಟಿತೇ ಎಂಬುದನ್ನು ಯಕ್ಷಗಾನದವರು ಹೇಳಬೇಕು.

ಪ್ರಯೋಗ: ಲೇಖಕನ ಮೊದಲ ಕಾರು ಎರಡನೆಯ ಕೈಯದು. ಅದರ ಡೆಕ್ಕಿಗೆ ಆಟೋ ರಿವರ್ಸ್ ಎಂಬ ಗುಣವಿತ್ತು. ಒಂದು ಬದಿ ಮುಗಿದರೆ ತಾನಾಗಿ ಇನ್ನೊಂದು ಬದಿಗೆ ಹೊರಳುವುದು ಅದರ ಧರ್ಮ. ಅಡಾಪ್ಟರ್ ತೂರಿಸಿದೊಡನೆ ಡೆಕ್ಕು ಹತ್ತು ಸೆಕೆಂಡಿಗೊಮ್ಮೆ ಟಕ್ ಎಂದು ಮಗ್ಗುಲು ಬದಲಿಸತೊಡಗಿತು. ಒಂದು ಮಗ್ಗುಲಲ್ಲಿ ಹಾಡು, ಇನ್ನೊಂದರಲ್ಲಿ ಮೌನ. ಜೆ.ಸಿ. ರಸ್ತೆಯ ಹುಡುಗನೊಬ್ಬ ಕಿವಿಗೊಟ್ಟು ಕೇಳಿ, ಅಡಾಪ್ಟರನ್ನು ಹೊರಗೆಳೆದು, ವೈದ್ಯನ ದನಿಯಲ್ಲಿ ಹೇಳಿದ: "ಟೇಪಿಗೆ ಗೊತ್ತಾಗ್ಬಿಟ್ಟಿದೆ ಸಾರ್."

ಇನ್ನು ವಕಾರಾಗಮ. ಎರಡು ತುದಿಗೂ 3.5 ಮಿಲಿಮೀಟರ್ ಪಿನ್ನಿರುವ ಆಕ್ಸ್ ವೈರು ಇದರ ಸಾಧನ. ಕುಲೀನ ಮನೆತನ. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆಗೆ ಕರೆ ಜೋಡಿಸುತ್ತಿದ್ದ ಕಾಲಂಗುಲದ ಪಿನ್ನಿನ ಮರಿಮೊಮ್ಮಗ ಇವನು. ಪಿನ್ನಿನ ತುದಿ ಎಡಕಿವಿಯದು, ನಡುವಿನ ಉಂಗುರ ಬಲಕಿವಿಯದು, ಬುಡ ಎರಡಕ್ಕೂ ಸೇರಿದ ನೆಲ. ಮೈಕಿರುವ ಇಯರ್‌ಫೋನಿನ ಪಿನ್ನಾದರೆ ಇನ್ನೊಂದು ಉಂಗುರ ಹೆಚ್ಚು.

ಪಿನ್ನು ಪೂರ್ತಿ ಕೂರದೆ ಬುಡದ ಸಂಪರ್ಕ ತಪ್ಪಿದರೆ ವಿಚಿತ್ರವೊಂದು ನಡೆಯುತ್ತದೆ: ವಾದ್ಯಗಳು ಮೊಳಗುತ್ತವೆ, ಗಾಯಕ ಮಾಯ. ನೆಲ ತಪ್ಪಿದ ಮೇಲೆ ಎಡ ಬಲಗಳು ಒಂದರೊಳಗೊಂದು ಹರಿದು, ಎರಡರಲ್ಲೂ ಸಮನಾಗಿರುವುದು ಪರಸ್ಪರ ಅಳಿಸಿಹೋಗುತ್ತದೆ, ವ್ಯತ್ಯಾಸವಷ್ಟೇ ಉಳಿಯುತ್ತದೆ. ಗಾಯಕನನ್ನು ಸಾಮಾನ್ಯವಾಗಿ ನಟ್ಟನಡುವೆ ಕೂರಿಸಿ, ಎರಡೂ ಕಿವಿಗೆ ಸಮನಾಗಿ ಹಂಚಿರುತ್ತಾರೆ. ಆದ್ದರಿಂದ ಮೊದಲು ಅಳಿಯುವವನು ಅವನೇ. ಎಡಕ್ಕೂ ಬಲಕ್ಕೂ ಸಮಾನವಾಗಿ ಬೇಕಾದವನು ನೆಲ ಕಳೆದುಕೊಂಡ ದಿನ ಇಲ್ಲವಾಗುತ್ತಾನೆ ಎಂಬ ಈ ನಿಯಮವನ್ನು ರಾಜಕೀಯಶಾಸ್ತ್ರದವರು ಬೇಕಿದ್ದರೆ ಎರವಲು ಪಡೆಯಬಹುದು.

3. ವಿಸಂಧಿ ಎಂಬ ದೋಷ

ಸೂತ್ರ: ಕೂಡಿದ್ದೂ ಕೊರಗಿದರೆ ವಿಸಂಧಿ.

ವೃತ್ತಿ: ಆಕ್ಸ್ ವೈರು ಚುಚ್ಚಿ, ಅದೇ ಫೋನನ್ನು ಸಿಗರೇಟ್ ಲೈಟರಿನ ಸಾಕೆಟ್ಟಿನಿಂದ ಚಾರ್ಜಿಗೂ ಹಾಕಿದಿರಿ ಎನ್ನಿ. ಹಾಡಿನ ಅಡಿಯಲ್ಲಿ ಸೊಳ್ಳೆಯಂಥ ಒಂದು ಶ್ರುತಿ ಏಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ಶ್ರುತಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಮೊದಲ ಸಲ ಕೇಳಿದವರು ಎಂಜಿನ್ನೇ ಆಲಾಪನೆ ಮಾಡುತ್ತಿದೆ ಎಂದುಕೊಳ್ಳುತ್ತಾರೆ; ಅದು ಮುಕ್ಕಾಲು ಪಾಲು ನಿಜ. ಫೋನಿಗೆ ಈಗ ನೆಲ ಮುಟ್ಟಲು ಎರಡು ದಾರಿಗಳಿವೆ: ಒಂದು ಚಾರ್ಜರಿನ ಮೂಲಕ, ಇನ್ನೊಂದು ಆಕ್ಸ್ ವೈರಿನ ಬುಡದ ಮೂಲಕ. ಎರಡೂ ಸೇರಿ ಒಂದು ಕುಣಿಕೆಯಾಗಿ, ಆಲ್ಟರ್ನೇಟರಿನ ವಿದ್ಯುತ್ತಿನಲ್ಲಿರುವ ಅಲೆ ಅದರೊಳಗೆ ಸುತ್ತಿ ಸ್ಪೀಕರಿಗೆ ಬರುತ್ತದೆ.

ಪರೀಕ್ಷೆ ಸುಲಭ: ಚಾರ್ಜರ್ ಕೀಳಿರಿ, ಶ್ರುತಿ ನಿಂತರೆ ರೋಗ ಇದೇ. ಔಷಧವೂ ಸುಲಭ. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಡಬ್ಬಿಯನ್ನು ವೈರಿನ ನಡುವೆ ಸೇರಿಸಬೇಕು. ಅದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರುಗಳ ಸುರುಳಿಗಳು ಒಂದನ್ನೊಂದು ಮುಟ್ಟದೆ, ಬರೀ ಕಾಂತದ ಮೂಲಕ ಹಾಡು ದಾಟಿಸುತ್ತವೆ. ಹತ್ತಿರವಿದ್ದೂ ಮುಟ್ಟದಿರುವುದರಿಂದ ಸಂಬಂಧ ಸುಧಾರಿಸುವುದಕ್ಕೆ ಕೂಡುಕುಟುಂಬದಲ್ಲಿ ಬೆಳೆದವರಿಗೆ ಬೇರೆ ಉದಾಹರಣೆ ಬೇಡ.

4. ಆದೇಶಸಂಧಿ

ಸೂತ್ರ: ಇದ್ದದ್ದರ ಜಾಗದಲ್ಲಿ ಇಲ್ಲದ್ದು ಬಂದು ಕೂತರೆ ಆದೇಶ.

ವೃತ್ತಿ: ಮಳೆಗೆ ಕಾಲ ಸೇರಿದಾಗ ಕಕಾರವಿದ್ದಲ್ಲಿ ಗಕಾರ ಬಂದು ಮಳೆಗಾಲವಾಗುತ್ತದೆ. ಹಾಗೆಯೇ ರೇಡಿಯೋ ಕೇಂದ್ರವೊಂದು ಇರಬೇಕಾದ ಜಾಗದಲ್ಲಿ ನಿಮ್ಮ ಫೋನು ಬಂದು ಕೂರುವುದು ಎಫ್‌ಎಂ ಟ್ರಾನ್ಸ್‌ಮಿಟರಿನ ಮಹಿಮೆ. ಹೆಬ್ಬೆರಳು ಗಾತ್ರದ ಈ ವಸ್ತು 12 ವೋಲ್ಟಿನ ಸಾಕೆಟ್ಟಿನಲ್ಲಿ ಕೂತು, ನೀಲಿ ದೀಪ ಮಿನುಗಿಸುತ್ತ, 87.5ರಿಂದ 108 ಮೆಗಾಹರ್ಟ್ಸ್ ನಡುವೆ ನೀವು ಹೇಳಿದ ಕಡೆ ಒಂದು ಕೇಂದ್ರ ತೆರೆಯುತ್ತದೆ. ಕಾರಿನ ರೇಡಿಯೋ ಅದನ್ನು ಹಿಡಿದು ಹಾಡುತ್ತದೆ.

ನಮ್ಮವರಿಗೆ ಇದು ಹೊಸದಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ. ಮನೆಯಲ್ಲಿ ಆಗುವುದಾದರೆ ಮಾರುತಿ ಕಾರಿನಲ್ಲಿ ಯಾಕಾಗಬಾರದು? ಬ್ರಿಟನ್ 2006ರ ಡಿಸೆಂಬರಿನಲ್ಲಿ ಈ ಯಂತ್ರಗಳಿಗೆ ಅನುಮತಿ ಕೊಟ್ಟಾಗ ವಿಧಿಸಿದ ಮಿತಿ 50 ನ್ಯಾನೋವಾಟ್, ಎಂದರೆ ಒಂದು ವಾಟಿನ ಎರಡು ಕೋಟಿಯಲ್ಲೊಂದು ಪಾಲು. ಗೋಪಾಲಸ್ವಾಮಿಯವರ ವಾಣಿ ಆಕಾಶದ್ದು, ನಮ್ಮದು ಗೇರಿನ ಕೋಲಿನಿಂದ ಒಂದು ಮೊಳದ್ದು.

ತೊಡಕೆಂದರೆ ಜಾಗ. ಎಫ್‌ಎಂ ರೇಡಿಯೋ ಒಂದೇ ತರಂಗಾಂತರದಲ್ಲಿ ಇಬ್ಬರನ್ನು ಕಂಡರೆ ಬಲವಿದ್ದವನನ್ನು ಹಿಡಿದು ಇನ್ನೊಬ್ಬನನ್ನು ಕೈಬಿಡುತ್ತದೆ. ಬೆಂಗಳೂರಿನಲ್ಲಿ 91.1, 92.7, 93.5, 98.3, 100.1, 101.3, 102.9, 104 ಎಂದು ಸೈಟುಗಳೆಲ್ಲ ನೋಂದಣಿಯಾಗಿವೆ. ಉಳಿದ ಸಂದಿಗಳಲ್ಲಿ ಗುಡಿಸಲು ಹಾಕಬೇಕು. ಕುಣಿಗಲ್ ದಾಟಿದ ಮೇಲೆ ಬಯಲೋ ಬಯಲು. ಸಕಲೇಶಪುರದಲ್ಲಿ ನೀವೇ ಸಾರ್ವಭೌಮರು. ಶಿರಾಡಿ ಇಳಿದು ಮಂಗಳೂರು ಹತ್ತಿರವಾದಂತೆ ಮತ್ತೆ ಒಕ್ಕಲೆಬ್ಬಿಸುತ್ತಾರೆ.

ಪ್ರಯೋಗ: ಎರಡನೆಯ ಕಾರು, ಸಿಲ್ಕ್ ಬೋರ್ಡ್ ಸಿಗ್ನಲ್. ಅಮ್ಮನಿಗೆಂದು ಹಾಕಿದ್ದ ಹರಿಕಥೆಯಲ್ಲಿ ದ್ರೌಪದಿ ಕೃಷ್ಣನಿಗೆ ಮೊರೆಯಿಡುವ ಹೊತ್ತಿಗೆ, ಯಾರೋ ಒಬ್ಬರು ಮ್ಯೂಚುವಲ್ ಫಂಡಿನಲ್ಲಿ ತಾಳ್ಮೆಯ ಮಹತ್ವ ವಿವರಿಸತೊಡಗಿದರು. ಪಕ್ಕದ ಕಾರಿನವನದೂ ಅದೇ ಯಂತ್ರ, ಅದೇ ಅಂಕಿ. ಅವನು ಗಾಜಿನಾಚೆಯಿಂದ ಗಾಬರಿಯಾಗಿ ನಮ್ಮತ್ತ ನೋಡುತ್ತಿದ್ದ. ಅಕ್ಷಯ ವಸ್ತ್ರ ಅವನ ಕಡೆ ಹೋಗಿತ್ತೆಂದು ಕಾಣುತ್ತದೆ. ಸಿಗ್ನಲ್ ಬಿಡುವವರೆಗೆ ಎರಡೂ ಕಾರುಗಳು ವಸ್ತುವಿನಿಮಯ ಮಾಡಿಕೊಂಡವು. "ಕೃಷ್ಣ ಬಂದನೋ ಇಲ್ವೋ?" ಎಂದರು ಅಮ್ಮ. ಬಂದಿದ್ದ, ಪಕ್ಕದ ಲೇನಿಗೆ.

5. ಸವರ್ಣದೀರ್ಘಸಂಧಿ

ಸೂತ್ರ: ಸಮಾನಕುಲದ ಪದಗಳು ಕೂಡಿದರೆ ಸವರ್ಣ, ಕೂಡಲು ಹಿಡಿಯುವ ಕಾಲವೇ ದೀರ್ಘ.

ವೃತ್ತಿ: ಯುಎಸ್‌ಬಿ ಕಿಂಡಿ ಬಂದ ಮೇಲೆ ಹಾಡು ಕಾರಿನೊಳಗೆ ಅಂಕಿಗಳಾಗಿಯೇ ಹೋಗತೊಡಗಿತು. ಸದ್ದಾಗುವುದು ಒಳಹೊಕ್ಕ ಮೇಲೆ. ಆದರೆ ಕುಲ ಕೇಳದೆ ಒಳಗೆ ಬಿಡುವುದಿಲ್ಲ. ಪೆನ್‌ಡ್ರೈವನ್ನು ಫ್ಯಾಟ್32 ಕ್ರಮದಲ್ಲಿ ಸಂಸ್ಕರಿಸಿದ್ದರೆ ಪ್ರವೇಶ, ಎನ್‌ಟಿಎಫ್‌ಎಸ್ ಆದರೆ ಎಷ್ಟೋ ಸ್ಟೀರಿಯೋಗಳಲ್ಲಿ ಹೊಸ್ತಿಲಾಚೆಯೇ ನಿಲ್ಲಬೇಕು. ಐಪಾಡಿಗೆ 2003ರಿಂದ 30 ಪಿನ್ನಿನ ತನ್ನದೇ ಬಾಯಿ. 2012ರಲ್ಲಿ ಆ ಬಾಯಿ ಬದಲಾಗಿ, ಹಳೆಯ ಬಾಯಿಗೆಂದು ಕಾರಿನಲ್ಲಿ ಮಾಡಿಸಿದ್ದ ವೈರುಗಳು ಒಂದೇ ದಿನದಲ್ಲಿ ಕುಲಭ್ರಷ್ಟವಾದವು. ಸವರ್ಣರಲ್ಲೂ ಒಳಪಂಗಡ ಇರುವುದು ಹೊಸ ಸಂಗತಿಯೇನಲ್ಲ.

'ದೀರ್ಘ' ಎಂಬುದನ್ನು ಇಲ್ಲಿ ಕಾಲಕ್ಕೆ ಅನ್ವಯಿಸಬೇಕು. ಮೂರು ಸಾವಿರ ಹಾಡಿನ ಪೆನ್‌ಡ್ರೈವ್ ಚುಚ್ಚಿದರೆ ಪರದೆಯ ಮೇಲೆ 'ರೀಡಿಂಗ್' ಎಂದು ಬರುತ್ತದೆ. ಓದಿ ಮುಗಿಸುವ ಹೊತ್ತಿಗೆ ಆಫೀಸು ಬಂದಿರುತ್ತದೆ. ಓದುವ ಕ್ರಮವಾದರೂ ಅಕಾರಾದಿಯೇ? ಅನೇಕ ಸ್ಟೀರಿಯೋಗಳು ಹೆಸರನ್ನು ನೋಡುವುದೇ ಇಲ್ಲ, ಕಡತ ತುಂಬಿದ ಕ್ರಮದಲ್ಲೇ ಹಾಡುತ್ತವೆ. ಮೊಬೈಲ್ ಅಂಗಡಿಯಲ್ಲಿ ಹಾಡು ತುಂಬಿಸಿಕೊಂಡ ಟ್ಯಾಕ್ಸಿಗಳಲ್ಲಿ ಸುಪ್ರಭಾತದ ಬೆನ್ನಿಗೇ ಐಟಂ ಸಾಂಗ್ ಬರುವುದು ಇದರಿಂದ. ಚಾಲಕನ ಅಭಿರುಚಿಯನ್ನು ದೂಷಿಸಬಾರದು.

6. ಲೋಪಸಂಧಿ

ಸೂತ್ರ: ಅರ್ಥ ಕೆಡದಿದ್ದರೆ ಮಾತ್ರ ಲೋಪ.

ವೃತ್ತಿ: ಈ ಸೂತ್ರ ಲೇಖಕನದಲ್ಲ, ವ್ಯಾಕರಣದ್ದೇ. ಊರು ಎಂಬುದಕ್ಕೆ ಅಲ್ಲಿ ಸೇರಿ 'ಊರಲ್ಲಿ' ಆದಾಗ ಉಕಾರ ಬಿದ್ದುಹೋದರೂ ಯಾರಿಗೂ ಊರು ತಪ್ಪುವುದಿಲ್ಲ. ಎಂಪಿ3 ಕಂಡುಹಿಡಿದ ಜರ್ಮನಿಯ ಎಂಜಿನಿಯರುಗಳು ಹಿಡಿದದ್ದೂ ಇದೇ ಜಾಡು. ತಮಟೆ ಬಡಿದ ಕ್ಷಣದಲ್ಲಿ ಪಕ್ಕದ ತಂಬೂರಿ ಕಿವಿಗೆ ಹೇಗೂ ಕೇಳದು. ಕೇಳದ್ದನ್ನು ಯಾಕೆ ಹೊರಬೇಕು? ಸೀಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ತಿನ್ನುತ್ತಿದ್ದ ಹಾಡನ್ನು ಹೀಗೆ 128ಕ್ಕೆ ಇಳಿಸಿದರು. ಹನ್ನೊಂದರಲ್ಲಿ ಹತ್ತು ಪಾಲು ಲೋಪ. ಊರು ಮಾತ್ರ ಊರಾಗಿಯೇ ಉಳಿಯಿತು.

ಲೋಪದ ಪರಾಕಾಷ್ಠೆ ಬ್ಲೂಟೂತ್. ಇಲ್ಲಿ ವೈರೇ ಲೋಪ. ಹೆಸರು ಡೆನ್ಮಾರ್ಕಿನ ರಾಜ ಹೆರಾಲ್ಡನದು. 'ನೀಲಿಹಲ್ಲಿನವ' ಎಂಬ ಅಡ್ಡಹೆಸರಿನ ಅವನು ಹತ್ತನೆಯ ಶತಮಾನದಲ್ಲಿ, ಇತ್ತ ರಾಷ್ಟ್ರಕೂಟರ ಮೂರನೆಯ ಕೃಷ್ಣನಿದ್ದ ಕಾಲದಲ್ಲಿ, ಚದುರಿದ್ದ ಡೇನರನ್ನು ಒಂದುಗೂಡಿಸಿದವನು. ಅವನ ಹೆಸರಿನ ಎರಡು ರೂನ್ ಅಕ್ಷರಗಳನ್ನು ಒಂದರ ಮೇಲೊಂದು ಕೂಡಿಸಿದ್ದೇ ಆ ನೀಲಿ ಗುರುತು. ಅಂದರೆ ಲಾಂಛನವೇ ಒಂದು ಸಂಧಿಕಾರ್ಯ. 2016ರಲ್ಲಿ ಐಫೋನ್ 7ರಿಂದ 3.5 ಮಿಲಿಮೀಟರಿನ ತೂತೂ ಲೋಪವಾದ ಮೇಲೆ ಈ ಮತಕ್ಕೆ ರಾಜಾಶ್ರಯವೂ ಸಿಕ್ಕಿತು.

ಆದರೆ ನಿಷ್ಠುರ ವೈಯಾಕರಣರು ಬ್ಲೂಟೂತನ್ನು ಸಂಧಿ ಎಂದು ಒಪ್ಪುವಂತಿಲ್ಲ. ಲಕ್ಷಣವನ್ನು ನೆನೆಯಿರಿ: ಕಾಲವಿಳಂಬವಿಲ್ಲದೆ ಸೇರಬೇಕು. ಬ್ಲೂಟೂತ್ ಹಾಡನ್ನು ಮಡಚಿ, ಕಳಿಸಿ, ಬಿಡಿಸುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದೆರಡು ಪಾಲು ಕಳೆದಿರುತ್ತದೆ. ಹಾಡಿಗೆ ಇದು ತಿಳಿಯದು. ನಿಂತ ಕಾರಿನಲ್ಲಿ ಫೋನಿನಲ್ಲಿ ಸಿನಿಮಾ ನೋಡಿದರೆ ತುಟಿ ಮೊದಲು, ಮಾತು ಆಮೇಲೆ ಬರುವುದುಂಟು. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಹೋರಾಡಿದ ನಾಡಿನಲ್ಲಿ ಕನ್ನಡ ಚಿತ್ರವೇ ಡಬ್ಬಿಂಗ್ ಚಿತ್ರದಂತೆ ಕಾಣುವುದು ದುರ್ದೈವ.

ಪ್ರಯೋಗ: ಬ್ಲೂಟೂತ್ ಹತ್ತು ಮೀಟರ್ ದೂರಕ್ಕೂ ಕೈ ಚಾಚುತ್ತದೆ. ನಮ್ಮ ಅಡುಗೆಮನೆಯ ಕಿಟಕಿ ಕಾರು ನಿಲ್ಲಿಸುವ ಜಾಗದಿಂದ ನಾಲ್ಕೇ ಮೀಟರ್. ಒಂದು ಬೆಳಗ್ಗೆ ಕಾರು ಚಾಲೂ ಮಾಡಿದಾಗ ಹಾಡಿನ ಬದಲು ನಾದಿನಿಯ ದನಿ ನಾಲ್ಕು ಸ್ಪೀಕರುಗಳಿಂದ ಹೊಮ್ಮಿತು: "ಭಾವಂಗೆ ಹೇಳಿ ಪ್ರಯೋಜನ ಇಲ್ಲ ಬಿಡೇ ಅಕ್ಕ, ಅವ್ರು ಆ ಕಾರಲ್ಲೇ ಕೂತಿರ್ತಾರೆ." ಲೇಖಕನು ಆ ಕಾರಲ್ಲೇ ಕೂತಿದ್ದನು. ಒಳಗಿನಿಂದ ಹೆಂಡತಿ "ಹಲೋ, ಹಲೋ, ಕೇಳಿಸ್ತಿಲ್ಲ" ಎನ್ನುತ್ತಿದ್ದಳು. ಅರ್ಥ ಕೆಡದಿದ್ದರೆ ಮಾತ್ರ ಲೋಪ ಎಂದು ಹಿರಿಯರು ಎಚ್ಚರಿಸಿದ್ದು ಇಂಥದ್ದಕ್ಕೆ.

7. ಪ್ರಕೃತಿಭಾವ

ಸೂತ್ರ: ಕೂಡುವ ಅವಕಾಶವಿದ್ದೂ ಕೂಡದೆ ಇದ್ದಂತೆ ಇರುವುದು ಪ್ರಕೃತಿಭಾವ.

ವೃತ್ತಿ: ಇದು ಎರಡು ಬಗೆ. ಮೊದಲನೆಯದು ಈಚಿನದು. ನಮ್ಮ ಮೂರನೆಯ ಕಾರಿಗೆ ಮೇಲೆ ಹೇಳಿದ ಎಲ್ಲ ಸಂಧಿಗಳೂ ಗೊತ್ತು. ವೈರಿಲ್ಲದೆ, ಯಾರೂ ಹೇಳದೆ, ಬಾಗಿಲು ಹಾಕುವಷ್ಟರಲ್ಲಿ ಕೂಡಿಕೊಳ್ಳುತ್ತದೆ. ಅದು ಬಂದ ಮೇಲೆ ಮಗಳ ಕಿವಿಯಲ್ಲಿ ಅವಳ ಇಯರ್‌ಬಡ್, ಹೆಂಡತಿಯ ಕಿವಿಯಲ್ಲಿ ಅವಳದು. ವೈರಿದ್ದಾಗ ಯಾರ ಹಾಡು ಎಂದು ಜಗಳವಾಡುತ್ತಿದ್ದೆವು. ಜಗಳಕ್ಕಾದರೂ ಎಲ್ಲರೂ ಒಂದೇ ಹಾಡು ಕೇಳಬೇಕಿತ್ತಲ್ಲ. ಈಗ ನಾಲ್ಕು ಪದ, ನಾಲ್ಕು ವಾಕ್ಯ.

ಎರಡನೆಯ ಬಗೆಗೆ ಪ್ರಯೋಗವೇ ವೃತ್ತಿ.

ಪ್ರಯೋಗ: ಕಳೆದ ಮಳೆಗಾಲ, ಚಾರ್ಮಾಡಿ ಘಾಟಿ. ಮುಂದೆಲ್ಲೋ ಮರ ಬಿದ್ದು ಗಾಡಿಗಳು ಸಾಲಾಗಿ ನಿಂತಿದ್ದವು. ಎಂಜಿನ್ ಆರಿಸಿದೆ. ನೆಟ್‌ವರ್ಕ್ ಇಲ್ಲ. ಟಚ್‌ಸ್ಕ್ರೀನು 'ಕನೆಕ್ಟಿಂಗ್' ಎಂದು ತೋರಿಸುತ್ತ ಹಾಗೇ ಹೆಪ್ಪುಗಟ್ಟಿ, ಆಮೇಲೆ ಕತ್ತಲಾಯಿತು. ಹೆಂಡತಿ, ಮಗಳ ಇಯರ್‌ಬಡ್‌ಗಳ ಬ್ಯಾಟರಿ ಕೊಟ್ಟಿಗೆಹಾರದಲ್ಲೇ ಸತ್ತಿತ್ತು. ನನ್ನ ಫೋನಿನೊಳಗೆ ಕಾಳಿಂಗರಾಯರ ಹತ್ತಾರು ಹಾಡುಗಳಿದ್ದವು. ಹಚ್ಚಿದೆ. ಮಳೆಯ ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ.

"ಅದನ್ನ ಇಲ್ಲಿ ಕೊಡು" ಎಂದರು ಪೂರ್ವಪಕ್ಷದವರು. ಚೀಲದಿಂದ ಸ್ಟೀಲಿನ ದೊಡ್ಡ ಲೋಟ ತೆಗೆದು, ಸೆರಗಿನಿಂದ ಒರೆಸಿ, ಫೋನನ್ನು ಸ್ಪೀಕರು ಕೆಳಗಾಗುವಂತೆ ಅದರೊಳಗೆ ನಿಲ್ಲಿಸಿದರು. ಗಟ್ಟಿಗೋಡೆಗೆ ಬಡಿದ ದನಿ ಸುತ್ತ ಚದುರದೆ ಬಾಯಿಯ ಕಡೆಗೇ ಎದ್ದು, ಒಂದಷ್ಟು ಸ್ವರಗಳು ಲೋಟದ ಹೊಟ್ಟೆಯಲ್ಲಿ ಅನುರಣಿಸಿ ಉಬ್ಬುತ್ತವೆ ಎಂದು ವಿವರಿಸಲು ಹೊರಟೆ. ಯಾರೂ ಕೇಳುತ್ತಿರಲಿಲ್ಲ. ಮಗಳು, ಹೆಂಡತಿ ಇಬ್ಬರೂ ಲೋಟದ ಮೇಲೆ ಬಗ್ಗಿದ್ದರು.

ಪ್ರಕೃತಿಭಾವಕ್ಕೆ ಶಾಲೆಯ ವ್ಯಾಕರಣದಲ್ಲಿ ಕೊಡುವ ಉದಾಹರಣೆಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಹೆಚ್ಚಿನವು ಯಾರನ್ನೋ ದನಿಯೆಳೆದು ಕೂಗುವ ಮಾತುಗಳು. ಕೂಗುವಾಗ ಕೊನೆಯ ಸ್ವರ ದೀರ್ಘವಾಗುತ್ತದೆ, ಮುಂದಿನ ಸ್ವರ ಅದನ್ನು ಮುಟ್ಟದೆ ನಿಲ್ಲುತ್ತದೆ, ಸಂಧಿಯಾಗುವುದಿಲ್ಲ.

"ಅಮ್ಮಾ, ಈಗ ಕೇಳಿಸ್ತಾ?" ಎಂದು ಕೂಗಿದೆ.

ಸಂಧಿಯಾಗಲಿಲ್ಲ. ಕೇಳಿಸಿತ್ತು. ಸುಮ್ಮನಿರು ಎಂದು ಕೈ ಸನ್ನೆ ಮಾಡಿದರು.